ಅದೇ ಅಂಡರ್-12, ಇನ್ನೊಂದು ವರ್ಷ

ಓದುಗರ ಪತ್ರ (ಸಂಗ್ರಹ): ನಾವು ಅಮೆರಿಕದಲ್ಲಿದ್ದೇವೆ. ಮಗ ಹುಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. 2025-26ರ ಸೀಸನ್‌ನಲ್ಲಿ ಸಾಕರ್ (ಫುಟ್‌ಬಾಲ್) ಕ್ಲಬ್ಬಿನ ಅಂಡರ್-12 ತಂಡದಲ್ಲಿದ್ದ. ಮುಂದಿನ ಸೀಸನ್‌ಗೂ ಅಂಡರ್-12 ಅಂತಲೇ ಹೇಳುತ್ತಿದ್ದಾರೆ. ಅವನ ತಂಡದವರೇ ಎಷ್ಟೋ ಹುಡುಗರು ಅಂಡರ್-13ಕ್ಕೆ ಹೋಗುತ್ತಿದ್ದಾರೆ. ಆಟ ಸಾಲದು ಅಂತ ಇವನನ್ನು ಹಿಂದೆ ಹಾಕಿದರೇ? ಈ ವಯಸ್ಸಿನ ಗೆರೆ ಎಳೆಯುವವರು ಯಾರು, ಯಾವ ಆಧಾರದ ಮೇಲೆ?

ಸಂಪಾದಕರ ಉತ್ತರ:

ನಿಮ್ಮ ಮಗನ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ಗೆರೆಯೇ ಜನವರಿ 1ರಿಂದ ಆಗಸ್ಟ್ 1ಕ್ಕೆ ಜರುಗಿದೆ.

ಇಷ್ಟು ದಿನ ಲೆಕ್ಕ ಸುಲಭವಾಗಿತ್ತು. ಸೀಸನ್ ಮುಗಿಯುವ ಇಸವಿಯಲ್ಲಿ ಹುಟ್ಟಿದ ಇಸವಿ ಕಳೆದರೆ ವಯೋವರ್ಗ ಸಿಗುತ್ತಿತ್ತು: 2026ರಲ್ಲಿ 2014 ಕಳೆದರೆ 12. ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್, ಎವೈಎಸ್‌ಒ ಮಕ್ಕಳ ಸಾಕರ್ ನಡೆಸುವ ಈ ಮೂರೂ ಸಂಸ್ಥೆಗಳು 2026-27ರಿಂದ ಆಗಸ್ಟ್ 1ರಿಂದ ಜುಲೈ 31ರವರೆಗೆ ಒಂದು ವರ್ಷ ಎಂದು ಹಿಡಿಯುತ್ತವೆ. ಆ ಸೀಸನ್‌ನ ಅಂಡರ್-12ರಲ್ಲಿ ಬರುವವರು 2014ರ ಆಗಸ್ಟ್ 1ರಿಂದ 2015ರ ಜುಲೈ 31ರೊಳಗೆ ಹುಟ್ಟಿದವರು. ಹಾಗಾಗಿ 2014ರ ಜನವರಿಯಿಂದ ಜುಲೈ ನಡುವೆ ಹುಟ್ಟಿದವರು ಎಂದಿನಂತೆ ಒಂದು ಮೆಟ್ಟಿಲು ಹತ್ತಿದರು. ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನವರು ಇದೊಂದು ಸಲ ಇದ್ದಲ್ಲೇ ಉಳಿದರು. ಆಮೇಲೆ ಮತ್ತೆ ವರ್ಷಕ್ಕೊಂದು ಮೆಟ್ಟಿಲು.

ಇನ್ನು ಗೆರೆ ಎಳೆಯುವವರು ಯಾರು ಅನ್ನುವುದು. 2015ರಲ್ಲಿ ಅಲ್ಲಿನ ಸಾಕರ್‌ನ ರಾಷ್ಟ್ರೀಯ ಸಂಸ್ಥೆಯಾದ ಯುಎಸ್ ಸಾಕರ್ ಫೆಡರೇಷನ್ ಹುಟ್ಟಿದ ಇಸವಿಯ ಲೆಕ್ಕವನ್ನು ಎಲ್ಲರಿಗೂ ಕಡ್ಡಾಯ ಮಾಡಿತು. 2017ರ ಹೊತ್ತಿಗೆ ಜಾರಿಗೆ ಬಂತು. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಇದೇ ಆಗಸ್ಟ್ 1. ಫಿಫಾದ ಅಂಡರ್-17, ಅಂಡರ್-20 ವಿಶ್ವಕಪ್‌ಗಳು ಜನವರಿ 1ನ್ನು ಹಿಡಿಯುತ್ತವೆ, ರಾಷ್ಟ್ರೀಯ ತಂಡದ ಆಯ್ಕೆಗೆ ಅದು ಅನುಕೂಲ ಎಂಬುದು ಆಗಿನ ವಾದ. ಬೆರಳೆಣಿಕೆಯ ಮಕ್ಕಳಿಗೆ ಬೇಕಾದ ಲೆಕ್ಕವನ್ನು ಶನಿವಾರ ಬೆಳಿಗ್ಗೆ ಖುಷಿಗೆ ಆಡುವ ಮಕ್ಕಳ ಮೇಲೂ ಹೇರಿದ್ದು ಅತಿಯಾಯಿತು ಎಂದೇ ನಮ್ಮ ಅಭಿಪ್ರಾಯ. 2024ರ ನವೆಂಬರ್‌ನಲ್ಲಿ ಫೆಡರೇಷನ್ ಆ ಕಡ್ಡಾಯವನ್ನು ತೆಗೆದು, ತೀರ್ಮಾನವನ್ನು ಸದಸ್ಯ ಸಂಸ್ಥೆಗಳಿಗೇ ಬಿಟ್ಟಿತು. ಅವು ಮೊದಲು ಸೆಪ್ಟೆಂಬರ್ 1 ಎಂದು ಹೇಳಿ, ಆಮೇಲೆ ಆಗಸ್ಟ್ 1ಕ್ಕೆ ಬಂದು ನಿಂತವು.

ಬದಲಾವಣೆಗೆ ದೊಡ್ಡ ಕಾರಣ ಶಾಲೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಸೆಪ್ಟೆಂಬರ್ 1ರ ಹೊತ್ತಿಗೆ 5 ತುಂಬಿದ ಮಗು ಕಿಂಡರ್‌ಗಾರ್ಟನ್‌ಗೆ ಸೇರುತ್ತದೆ. ಜನವರಿ 1ರ ಗೆರೆ ಒಂದೇ ತರಗತಿಯ ಮಕ್ಕಳನ್ನು ಎರಡು ತಂಡಗಳಿಗೆ ಹಂಚುತ್ತಿತ್ತು. ಚಿಕ್ಕವರಲ್ಲಿ ಇದು ಬರೀ ಗೆಳೆಯರು ದೂರವಾದ ಬೇಜಾರು, ಆದರೆ ಅಂಡರ್-15ರಲ್ಲಿ ನಿಜವಾದ ಪೆಟ್ಟು. ಆ ತಂಡದಲ್ಲಿ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರು 9ನೇ ತರಗತಿ, ನವೆಂಬರ್‌ನವರು 8ನೇ ತರಗತಿ. ಹೈಸ್ಕೂಲ್ ಸೀಸನ್ ಶುರುವಾದೊಡನೆ 9ನೆಯವರು ಶಾಲಾ ತಂಡಕ್ಕೆ ಹೋಗುತ್ತಾರೆ, ಕ್ಲಬ್ ತಂಡ ಬರಿದಾಗುತ್ತದೆ, ಉಳಿದ ನಾಲ್ಕೈದು ಮಕ್ಕಳಿಗೆ ಆ ತಿಂಗಳುಗಳಲ್ಲಿ ಪಂದ್ಯವೇ ಇಲ್ಲ. ಅಲ್ಲಿನ ಕೋಚ್‌ಗಳು ಇವರನ್ನು ‘ಟ್ರ್ಯಾಪ್ಡ್ ಪ್ಲೇಯರ್ಸ್’ (ಸಿಕ್ಕಿಬಿದ್ದ ಆಟಗಾರರು) ಅನ್ನುತ್ತಾರೆ. ನಿಮ್ಮ ಮಗ ಬಹುಶಃ ಈಗ 6ನೇ ತರಗತಿಗೆ ಹೋಗುವವನು. ಹೊಸ ಲೆಕ್ಕದಲ್ಲಿ ಅಂಡರ್-12 ಅಂದರೆ ಹೆಚ್ಚುಕಡಿಮೆ 6ನೇ ತರಗತಿಯೇ.

ಶಾಲೆಯ ಗೆರೆ ಸೆಪ್ಟೆಂಬರ್ 1 ಆಗಿರುವಾಗ ಆಟದ ಗೆರೆ ಆಗಸ್ಟ್ 1 ಏಕೆ? ಶಾಲೆಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೆಲವು ಕಡೆ ಅದೂ ಆಗಸ್ಟ್ 1. ಮಗು ತನಗಿಂತ ದೊಡ್ಡವರ ತಂಡದಲ್ಲಿ ಆಡಬಹುದು, ಚಿಕ್ಕವರ ತಂಡದಲ್ಲಿ ಆಡುವಂತಿಲ್ಲ. ಗೆರೆ ಆಗಸ್ಟ್ 1ಕ್ಕಿದ್ದರೆ, ತರಗತಿಗಿಂತ ಕೆಳಗಿನ ತಂಡಕ್ಕೆ ಬಿದ್ದ ಆಗಸ್ಟ್ ಮಗು ಬೇಕಾದರೆ ಮೇಲೆ ಹೋಗಬಹುದು. ಸೆಪ್ಟೆಂಬರ್ 1ಕ್ಕಿದ್ದರೆ, ಆಗಸ್ಟ್ 1ರ ರಾಜ್ಯಗಳ ಆಗಸ್ಟ್ ಮಕ್ಕಳು ಮೇಲಿನ ತರಗತಿಯವರ ತಂಡದಲ್ಲಿ ಸಿಕ್ಕಿಕೊಳ್ಳುತ್ತಾರೆ, ಕೆಳಗೆ ಬರುವ ದಾರಿಯಿಲ್ಲ. ಆದರೂ ಒಂದು ಗುಂಪು ಹೊರಗುಳಿಯುತ್ತದೆ: ಜೂನ್, ಜುಲೈಯಲ್ಲಿ ಹುಟ್ಟಿ, ಅಪ್ಪ-ಅಮ್ಮ ಒಂದು ವರ್ಷ ತಡವಾಗಿ ಶಾಲೆಗೆ ಸೇರಿಸಿದ ಮಕ್ಕಳು. ಆಟದಲ್ಲಿ ಅವರು ತಮ್ಮ ಸಹಪಾಠಿಗಳಿಗಿಂತ ಒಂದು ಮೆಟ್ಟಿಲು ಮೇಲೆಯೇ.

ಯಾವ ದಿನ ಇಟ್ಟರೂ ಒಂದೇ ತಂಡದ ಅತಿ ದೊಡ್ಡ, ಅತಿ ಚಿಕ್ಕ ಮಕ್ಕಳ ನಡುವೆ ಸುಮಾರು ಒಂದು ವರ್ಷದ ಅಂತರ ಇದ್ದೇ ಇರುತ್ತದೆ. 8 ವರ್ಷದ ಮಗುವಿಗೆ ಅದು ಆಯುಸ್ಸಿನ ಎಂಟನೇ ಒಂದು ಪಾಲು. ಎತ್ತರ, ಓಟ ಎರಡರಲ್ಲೂ ಕಾಣುತ್ತದೆ. ಕೋಚ್ ಅದನ್ನೇ ಪ್ರತಿಭೆ ಅಂದುಕೊಳ್ಳುತ್ತಾರೆ. 1997ರಲ್ಲಿ ಬೆಲ್ಜಿಯಂ ಆಗಸ್ಟ್ 1ನ್ನು ಬಿಟ್ಟು ಜನವರಿ 1ಕ್ಕೆ ಬಂದಾಗ, ಆಯ್ಕೆಯಾಗುವ ಎಳೆಯ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳವರು ಹೆಚ್ಚಾದರು, ಆಗಸ್ಟ್, ಸೆಪ್ಟೆಂಬರ್‌ನವರ ಮೇಲುಗೈ ಇಳಿಯಿತು. ನಿಮ್ಮ ಮಗ ಇದುವರೆಗೆ ಗುಂಪಿನ ಅತಿ ಚಿಕ್ಕವರಲ್ಲಿ ಒಬ್ಬ. ಇನ್ನು ದೊಡ್ಡವರಲ್ಲಿ ಒಬ್ಬ. ಲಾಭ ಅವನಿಗೆ, ನಷ್ಟ ಯಾರೋ ಜೂನ್‌ನಲ್ಲಿ ಹುಟ್ಟಿದವನಿಗೆ.

ಒಂದು ವರ್ಷ ವ್ಯರ್ಥವಾಗುತ್ತದೆಯೇ ಎಂಬ ಆತಂಕಕ್ಕೆ ಬರೋಣ. ಅಂಡರ್-12ರಲ್ಲಿ ಆಟ ಒಂಬತ್ತು-ಒಂಬತ್ತು ಜನರದು, ಚೆಂಡು 4ನೇ ಸೈಜಿನದು. ಅಂಡರ್-13ರಿಂದ ಹನ್ನೊಂದು ಜನ, ಪೂರ್ತಿ ಮೈದಾನ, 5ನೇ ಸೈಜಿನ ಚೆಂಡು. ಚಿಕ್ಕ ಮೈದಾನದಲ್ಲಿ ಒಬ್ಬೊಬ್ಬನಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ, ಹಾಗಾಗಿ ಇನ್ನೊಂದು ವರ್ಷ ಅಲ್ಲಿದ್ದರೆ ಕೆಡುವುದೇನಿಲ್ಲ. ಕೆಡುವುದು ಬೇರೆ ಕಾರಣಕ್ಕೆ: ದೊಡ್ಡ ಹುಡುಗ ಬರೀ ಓಟದಿಂದ ಗೆಲ್ಲಲು ಕಲಿತುಬಿಡುತ್ತಾನೆ. ಫಾರ್ವರ್ಡ್ ಆಡುವವನನ್ನು ಮಿಡ್‌ಫೀಲ್ಡ್‌ನಲ್ಲೂ ಆಡಿಸಿ, ವಾರಕ್ಕೊಮ್ಮೆ ಅಂಡರ್-13ರವರ ಜೊತೆ ಅಭ್ಯಾಸಕ್ಕೆ ಕಳಿಸಿ ಎಂದು ಕೋಚ್‌ಗೆ ಕೇಳಿ.

ಮೇಲಿನ ತಂಡಕ್ಕೇ ಸೇರಿಸಬೇಕೆಂದಿದ್ದರೆ ತಂಡಗಳ ಆಯ್ಕೆಗೆ ಮೊದಲೇ ಕ್ಲಬ್ಬಿಗೆ ಬರೆದು ಕೊಡಿ. ಒಪ್ಪುವುದು ಬಿಡುವುದು ಅವರ ನಿಯಮಕ್ಕೆ ಬಿಟ್ಟಿದ್ದು. ಅಲ್ಲಿ ಅವನಿಗೆ ಅರ್ಧ ಪಂದ್ಯವಾದರೂ ಆಡಲು ಸಿಗುತ್ತದೆಯೇ ಎಂದು ಕೇಳದೆ ಸಹಿ ಹಾಕಬೇಡಿ. ಬೆಂಚಿನ ಮೇಲೆ ಕುಳಿತು ಅಂಡರ್-13 ಅನ್ನಿಸಿಕೊಳ್ಳುವುದರಲ್ಲಿ ಹೆಗ್ಗಳಿಕೆಯೇನಿಲ್ಲ.

ಹುಟ್ಟಿದ ಇಸವಿಯ ಲೆಕ್ಕ ಎಲ್ಲ ಕಡೆಯೂ ಹೋಗಿಲ್ಲ. ಬೇರೆ ಲೀಗ್ ಅಥವಾ ಟೂರ್ನಮೆಂಟ್‌ಗೆ ಹೆಸರು ಕೊಡುವಾಗ ‘ಅಂಡರ್-12’ ಎಂಬ ಹೆಸರನ್ನು ನಂಬದೆ, ನಿಯಮದಲ್ಲಿರುವ ಎರಡು ದಿನಾಂಕಗಳನ್ನು ಓದಿ.

ಕಿರಿಯ ಮಗಳು 2017ರ ಆಗಸ್ಟ್ 7ರಂದು ಹುಟ್ಟಿದವಳು, ಅವಳನ್ನೂ ಸೇರಿಸಬೇಕೆಂದಿದ್ದೇವೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಅಲ್ಲಿನ ನೋಂದಣಿ ಫಾರ್ಮ್‌ನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ರೂಢಿಯಂತೆ 07/08 ಎಂದು ತುಂಬಿದರೆ ಅದು ಜುಲೈ 8 ಆಗುತ್ತದೆ, ಅಂಡರ್-9ರ ಹುಡುಗಿ ಅಂಡರ್-10ಕ್ಕೆ ಹೋಗುತ್ತಾಳೆ. ಜನನ ಪ್ರಮಾಣಪತ್ರ ಪರಿಶೀಲಿಸುವಾಗ ತಪ್ಪು ಸಿಕ್ಕರೂ ಅಷ್ಟರಲ್ಲಿ ತಂಡ ಭರ್ತಿಯಾಗಿರಬಹುದು. 08/07 ಎಂದು ತುಂಬಿ, ಪ್ರಮಾಣಪತ್ರದ ಸ್ಕ್ಯಾನ್ ಪ್ರತಿಯನ್ನೂ ಜೊತೆಗೇ ಕಳಿಸಿ.