ಹಳೆಯ ಮಾರಿಸ್ ಮೈನರ್ ಕಾರನ್ನು ಮನೆಯಲ್ಲೇ ಪೂರ್ತಿ ಬಿಚ್ಚಿ ಹೊಸದರಂತೆ ಮಾಡಬೇಕೆಂದಿದ್ದೇನೆ. ಇನ್ನೂ ಒಂದು ಬೋಲ್ಟನ್ನೂ ಬಿಚ್ಚಿಲ್ಲ. ಎಂಜಿನ್‌ನಿಂದ ಶುರು ಮಾಡಲೇ, ಬಣ್ಣದಿಂದಲೇ?

ಎರಡರಿಂದಲೂ ಬೇಡ. ಇನ್ನೂ ಒಂದು ಬೋಲ್ಟನ್ನೂ ಬಿಚ್ಚಿಲ್ಲ ಎಂದಿದ್ದೀರಿ. ಇದನ್ನು ಓದಿ ಮುಗಿಸುವವರೆಗಾದರೂ ಸ್ಪ್ಯಾನರ್ ಮುಟ್ಟಬೇಡಿ.

ನನ್ನದೂ ಮೈನರ್ ಕಾರೇ. ಎರಡು ಬಾಗಿಲಿನದು, 1098 ಸಿಸಿ ಎಂಜಿನ್. ನಿಮ್ಮ ಹಾಗೆ ನಾನೂ ಎಂಜಿನ್ನಿನ ಚಿಂತೆಯಲ್ಲೇ ಮುಳುಗಿದ್ದೆ. ಬಹುಕಾಲ ನಿಂತೇ ಇದ್ದುದರಿಂದ ಪಿಸ್ಟನ್‌ಗಳು ಹಿಡಿದುಕೊಂಡಿದ್ದವು. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರ್‌ಗಳಿಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಸಿ, ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದಾಗ ಬಿಟ್ಟುಕೊಂಡವು. ಅಲ್ಲಿಗೆ ನನ್ನ ದೊಡ್ಡ ಭಯ ಮುಗಿಯಿತು. ಈ ಎ-ಸೀರೀಸ್ ಎಂಜಿನ್ ಸಾಧು ಪ್ರಾಣಿ. ಕೈಪಿಡಿ ಪಕ್ಕದಲ್ಲಿಟ್ಟುಕೊಂಡು ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದು. ಎಡವಟ್ಟಾದರೆ ಮತ್ತೆ ಬಿಚ್ಚಬಹುದು. ತಗಡು ಹಾಗಲ್ಲ.

ನಾನು ಕೆಟ್ಟದ್ದು ತಗಡಿನಲ್ಲಿ. ಮೈನರ್‌ಗೆ ಬೇರೆಯಾಗಿ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಎಂಬುದಿಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಾಕಾರದ ಭಾಗವಿದೆಯಲ್ಲ, ಸಿಲ್, ಅದು ನೋಡುವುದಕ್ಕೆ ಹೊಸ್ತಿಲು, ಕೆಲಸದಲ್ಲಿ ತೊಲೆ. ನನ್ನ ಕಾರಿನಲ್ಲಿ ಎರಡೂ ಕಡೆಯ ಸಿಲ್‌ಗಳು ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುವಷ್ಟು ತುಕ್ಕು ತಿಂದಿದ್ದವು. ಮುಂದೆ ಕ್ರಾಸ್‌ಮೆಂಬರ್ (ಅಡ್ಡತೊಲೆ) ಕೆಳಗೆ, ಹಿಂದೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿ, ಗ್ರೈಂಡರ್ ಹಿಡಿದು ಎರಡೂ ಸಿಲ್‌ಗಳನ್ನು ಒಟ್ಟಿಗೇ ಕತ್ತರಿಸಿ ತೆಗೆದೆ. ಒಂದೇ ಸಲಕ್ಕೆ ಗಲೀಜು ಮುಗಿಯಲಿ ಎಂಬುದು ನನ್ನ ಲೆಕ್ಕ. ಹೊಸ ಸಿಲ್‌ಗಳನ್ನು ಇಟ್ಟು ಚೆನ್ನಾಗಿ ವೆಲ್ಡ್ ಮಾಡಿ, ಉಜ್ಜಿ, ಪ್ರೈಮರ್ ಹೊಡೆದು, ಬಾಗಿಲು ತಂದು ಕೂರಿಸಿದೆ.

ಬಾಗಿಲು ಹಾಕಿಕೊಳ್ಳಲಿಲ್ಲ. ಹಿಂದಿನ ಮೇಲ್ಮೂಲೆ ಕಂಬಕ್ಕೆ ಬಡಿಯುತ್ತಿತ್ತು. ಕೆಳಗೆ ಕಿರುಬೆರಳು ತೂರುವಷ್ಟು ಸಂದು, ಮೇಲೆ ಪೋಸ್ಟ್‌ಕಾರ್ಡ್ ಕೂಡ ತೂರದು. ಕೀಲಿನದೇ ದೋಷವೆಂದು ವಾಷರ್ ಇಟ್ಟು ನೋಡಿದೆ. ಬಾಗಿಲಿನ ಅಂಚನ್ನು ಅರದಿಂದ ಉಜ್ಜಿದೆ. ಇನ್ನೊಂದು ಬದಿಯ ಬಾಗಿಲೂ ಅದೇ ಮೂಲೆಯಲ್ಲಿ ಬಡಿದಾಗಲೇ ವಿಷಯ ತಲೆಗೆ ಹೋದದ್ದು.

ಆದದ್ದು ಇಷ್ಟು. ಆ ಹಳೆಯ ಸಿಲ್ ಎಷ್ಟೇ ಕೊಳೆತಿದ್ದರೂ ಭಾರ ಹೊರುತ್ತಲೇ ಇತ್ತು. ಎರಡನ್ನೂ ತೆಗೆದಾಗ ಕಾರಿನ ನಡುಭಾಗಕ್ಕೆ ನೆಲದ ತಗಡು, ಮೇಲಿನ ಚಾವಣಿ ಬಿಟ್ಟರೆ ಹೆಚ್ಚೇನೂ ಆಧಾರ ಉಳಿಯಲಿಲ್ಲ. ಸ್ಟ್ಯಾಂಡ್‌ಗಳಿದ್ದುದು ಎರಡು ತುದಿಗಳಲ್ಲಿ. ಹೀಗಾಗಿ ನಡು ಕೆಳಕ್ಕೆ ಜಗ್ಗಿತು, ಬಾಗಿಲಿನ ಆಚೀಚಿನ ಕಂಬಗಳ ತಲೆಗಳು ಒಂದರ ಕಡೆಗೊಂದು ವಾಲಿದವು. ಕೆಲವೇ ಮಿಲಿಮೀಟರ್, ಕಣ್ಣಿಗೆ ಕಾಣುವಂಥದ್ದಲ್ಲ. ಬಾಗಿಲು ಅದರ ಜಾಗದಲ್ಲಿದ್ದಿದ್ದರೆ ಸಂದು ಕಿರಿದಾಗುವುದು ಆಗಲೇ ಗೊತ್ತಾಗುತ್ತಿತ್ತು, ಅದನ್ನೂ ಕಳಚಿಟ್ಟಿದ್ದೆ. ಜಗ್ಗಿದ ಕಾರಿಗೆ ಗಟ್ಟಿಯಾದ ಹೊಸ ಸಿಲ್ ಬೆಸೆದು ಆ ಜಗ್ಗನ್ನೇ ಶಾಶ್ವತ ಮಾಡಿದೆ. ವೆಲ್ಡಿಂಗ್ ಕೆಟ್ಟದಾಗಿದ್ದರೆ ಒಳ್ಳೆಯದಿತ್ತು, ಕೀಳುವುದು ಸುಲಭವಾಗುತ್ತಿತ್ತು. ಕೊನೆಗೆ ಹೊಸ ಸಿಲ್‌ಗಳನ್ನೇ ಕತ್ತರಿಸಿ ಗುಜರಿಗೆ ಹಾಕಿ, ಇನ್ನೊಂದು ಜೊತೆ ತರಿಸಬೇಕಾಯಿತು.

ಈ ಕಾರಿನ ವಿನ್ಯಾಸಕ ಅಲೆಕ್ ಇಸಿಗೋನಿಸ್ ಕೂಡ ಇದನ್ನು ಕತ್ತರಿಸಿದವರೇ. ಕಾರು ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಅದಕ್ಕೆ ಮುಂಚೆ, ಅಗಲ ಸಾಲದೆನ್ನಿಸಿ, ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ ನಾಲ್ಕು ಇಂಚು ಅಗಲಿಸಿದರು. ಬಾನೆಟ್ ನಡುವಿನ ಚಪ್ಪಟೆ ಪಟ್ಟಿ ಅದರದೇ ಗುರುತು. ಆದರೆ ಅವರ ಹಿಂದೆ ಒಂದು ಕಾರ್ಖಾನೆಯಿತ್ತು.

ನೀವು ಸಿಲ್ ಬದಲಿಸುವುದಾದರೆ ಒಮ್ಮೆಗೆ ಒಂದೇ ಬದಿ. ಕತ್ತರಿಸುವ ಮೊದಲು ಬಾಗಿಲಿನ ಸುತ್ತಲಿನ ಸಂದುಗಳನ್ನೂ, ಬಾಗಿಲಿನ ಚೌಕಟ್ಟಿನ ಎರಡೂ ಕರ್ಣಗಳನ್ನೂ ಅಳೆದು ಬರೆದಿಡಿ. ಕಂಬದಿಂದ ಕಂಬಕ್ಕೆ ಚೌಕ ಪೈಪನ್ನು ಅಡ್ಡವಾಗಿಯೂ ಓರೆಯಾಗಿಯೂ ಬೆಸೆಯಿರಿ. ಬಾಗಿಲು ಹಾಕಿ ನೋಡಲು ಅಡ್ಡಿಯಾಗದಂತೆ ಒಳಬದಿಗೆ ಇರಲಿ. ಹೊಸ ಸಿಲ್‌ಗೆ ಮೊದಲು ಅಲ್ಲಲ್ಲಿ ಚುಕ್ಕೆ ವೆಲ್ಡ್ ಮಾತ್ರ. ಬಾಗಿಲು ಹಾಕಿ ನೋಡಿ, ಅಳತೆ ಸರಿಯಿದ್ದರೆ ಮುಂದುವರಿಯಿರಿ. ತಗಡು ಒಂದು ಮಿಲಿಮೀಟರ್ ಆಸುಪಾಸು ದಪ್ಪ, ಉದ್ದಕ್ಕೆ ಎಳೆದರೆ ಕಾವಿಗೆ ಸೊಟ್ಟಗಾಗುತ್ತದೆ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಬೆಸೆಯುತ್ತಾ ಹೋಗಿ. ಬ್ಯಾಟರಿ ಕಳಚಿಡಿ. ಪೆಟ್ರೋಲ್ ಟ್ಯಾಂಕ್ ಶೆಡ್ಡಿನಿಂದ ಹೊರಗಿರಲಿ. ಖಾಲಿ ಟ್ಯಾಂಕಾದರೇನು ಎನ್ನಬೇಡಿ, ಒಳಗೆ ಉಳಿದ ಆವಿಯೇ ಸಿಡಿಯುವುದು.

ಇನ್ನು ನಿಮ್ಮ 'ಪೂರ್ತಿ ಬಿಚ್ಚಿ' ಎಂಬ ಮಾತು. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಮೊದಲ ಸಲ ಕೈ ಹಾಕುವವರು ಕಾರನ್ನು ಡಬ್ಬಗಳಿಗೆ ತುಂಬಿದರೆ ಅದು ಡಬ್ಬದಲ್ಲೇ ಉಳಿಯುತ್ತದೆ. ಮೊದಲು ಅದು ಉರುಳಲಿ, ನಿಲ್ಲಲಿ. ಬ್ರೇಕಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ದೂಡುವ ಪಂಪು) ಚಾಲಕನ ಕಾಲ ಕೆಳಗೆ ಅಡಗಿದೆ, ಅದನ್ನು ಕಳಚಲು ಹೋದರೆ ಮುಂಚಕ್ರಕ್ಕೆ ಸ್ಪ್ರಿಂಗ್ ಆಗಿರುವ ಉದ್ದನೆಯ ಸರಳು, ಟಾರ್ಷನ್ ಬಾರ್, ಅಡ್ಡ ಬರುತ್ತದೆ, ಬೈದುಕೊಂಡೇ ಮಾಡಿ. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಧೂಳನ್ನು ಗಾಳಿಯಿಂದ ಊದಬೇಡಿ. ಮುಂಚಕ್ರದ ಕೆಳಗಿನ ಟ್ರನಿಯನ್‌ಗೆ, ಅಂದರೆ ಚಕ್ರ ಎಡಬಲಕ್ಕೆ ಹೊರಳುವ ಕೀಲಿಗೆ, ಗ್ರೀಸ್ ಕಾಣಿಸಿ, ಸವೆದಿದ್ದರೆ ಬದಲಿಸಿ. ಅದು ಕಳಚಿಕೊಂಡರೆ ಚಕ್ರ ಮಡಚಿ ಕಾರು ಮೂಗು ನೆಲಕ್ಕೂರಿ ಕೂರುತ್ತದೆ.

ಬಣ್ಣದ ಮಾತು ಕಡೆಯದು. ಈಗಿರುವ ಬಣ್ಣದ ಕೆಳಗೆ ಏನಿದೆಯೆಂದು ತಿಳಿಯಲು ಬಟ್ಟೆ ಸುತ್ತಿದ ಆಯಸ್ಕಾಂತ ಸಾಕು. ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಹಿಡಿಯುವುದಿಲ್ಲ. ಈ ವಾರ ಅಷ್ಟು ಮಾಡಿ. ಆಮೇಲೆ ಸಿಲ್‌ಗಳನ್ನೂ, ಮುಂದಿನ ಸೀಟಿನಡಿಯ ಕ್ರಾಸ್‌ಮೆಂಬರ್ ತುದಿಗಳನ್ನೂ, ಹಿಂದಿನ ಸ್ಪ್ರಿಂಗ್ ಹ್ಯಾಂಗರ್‌ಗಳನ್ನೂ (ಸ್ಪ್ರಿಂಗ್ ಬಾಡಿಗೆ ಸೇರುವ ಜಾಗಗಳು) ಚುಚ್ಚಿ ನೋಡಿ, ಎಲ್ಲೆಲ್ಲಿ ತೂತಾಯಿತೆಂದು ಇಲ್ಲೇ ಬರೆಯಿರಿ. ಹ್ಯಾಂಗರ್ ಕೂಡ ಹೋಗಿದ್ದರೆ ಕಾರನ್ನು ಎಲ್ಲಿ ಆನಿಸಬೇಕೆಂಬುದೇ ಬದಲಾಗುತ್ತದೆ.