ಬೀರು ತುಂಬ ಬಟ್ಟೆ, ಹಾಕಿಕೊಳ್ಳಲು ಒಂದೂ ಇಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿ ಆಪ್ತಸಲಹೆಗೆ ಬಂದವರು ಮೂವತ್ತೊಂದರ ಮಹಿಳೆ. ಬೆಂಗಳೂರಿನ ಖಾಸಗಿ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ, ಕೈಗೆ ಸಿಗುವ ಸಂಬಳ 62,000 ರೂಪಾಯಿ. ನಿದ್ದೆ ಬರುತ್ತಿಲ್ಲ, ಗಂಡನ ಜೊತೆ ದಿನವೂ ಮಾತಿಗೆ ಮಾತು ಬೆಳೆಯುತ್ತದೆ ಎಂದರು. ಮಾತು ಬೆಳೆಯುತ್ತಿದ್ದದ್ದು ಬಟ್ಟೆಯ ವಿಷಯಕ್ಕೆ. ಕ್ರೆಡಿಟ್ ಕಾರ್ಡಿನಲ್ಲಿ 1,40,000 ರೂಪಾಯಿ ಬಾಕಿ, ಅದರಲ್ಲಿ ಮುಕ್ಕಾಲು ಪಾಲು ಡಿಸೈನರ್ ಉಡುಪು ಮತ್ತು ಚಪ್ಪಲಿ. ಎರಡು ತಿಂಗಳಲ್ಲಿ ನಾದಿನಿಯ ಮದುವೆ. ಅದಕ್ಕಾಗಿ 78,000 ರೂಪಾಯಿಯ ಲೆಹೆಂಗಾ ಆರಿಸಿಟ್ಟಿದ್ದರು, ಹನ್ನೆರಡು ಕಂತುಗಳಲ್ಲಿ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಮಾತನ್ನು ಅವರು ಮೊದಲ ಭೇಟಿಯಲ್ಲೇ ಎರಡು ಸಲ ಹೇಳಿದರು. ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ್ದು. ಈ ಕೆಲಸಕ್ಕೆ ಸೇರಿದ ಮೇಲೆ ಅದು ಗಾದೆಯಾಗಿ ಉಳಿಯದೆ ನಿಯಮವಾಗಿತ್ತು. ಒಂದು ಕುರ್ತಾ ಒಂದು ವಾರದಲ್ಲಿ ಎರಡನೇ ಸಲ ಆಫೀಸಿಗೆ ಹೋಗಕೂಡದು, ಫೋಟೊದಲ್ಲಿ ಬಂದ ಉಡುಪು ಮತ್ತೊಂದು ಫೋಟೊದಲ್ಲಿ ಬರಕೂಡದು.

ಇಂಥ ಪ್ರಕರಣದಲ್ಲಿ ‘ದುಬಾರಿ ಬಟ್ಟೆ ಬಿಡಿ, ಅಗ್ಗದ್ದು ತೊಡಿ’ ಎಂದು ಹೇಳಿ ಕಳಿಸುವುದು ಸುಲಭ, ಉಪಯೋಗವಿಲ್ಲ. ಹಾಗೆ ಹೇಳಿದವರು ಮನೆಯಲ್ಲೇ ಇದ್ದರು. ಗಂಡ ವರ್ಷಕ್ಕೆ ಎಂಟು-ಹತ್ತು ಅಂಗಿ ತರುತ್ತಿದ್ದರು, ಒಂದೊಂದೂ ನಾನೂರರ ಒಳಗೆ. ನಾಲ್ಕೈದು ಒಗೆತಕ್ಕೆ ಕಾಲರಿನ ಒಳಪದರ ಗುಳ್ಳೆ ಎದ್ದು, ಆರು ತಿಂಗಳಿಗೆ ಅಂಗಿ ನೆಲ ಒರೆಸಲು ಹೋಗುತ್ತಿತ್ತು. ಉಳಿತಾಯದ ಹೆಸರಿನಲ್ಲಿ ಅವರದೂ ಖರ್ಚೇ.

ಬಟ್ಟೆಗೆ ಮೊದಲು ಸಾಲದ ಲೆಕ್ಕವನ್ನು ಕಾಗದದ ಮೇಲೆ ಬರೆಸಿದೆವು. ಅವರ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5. 1,40,000ಕ್ಕೆ 4,900 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ 882. ಅವರು ಕಟ್ಟುತ್ತಿದ್ದ ಕನಿಷ್ಠ ಮೊತ್ತ 7,000. ಅಂದರೆ ಅಸಲಿಗೆ ಸೇರುತ್ತಿದ್ದದ್ದು 1,218 ಮಾತ್ರ. ಪೂರ್ತಿ ಬಾಕಿ ತೀರಿಸದವರಿಗೆ ಹೊಸ ಖರೀದಿಯ ಮೇಲೆ ಬಡ್ಡಿರಹಿತ ಅವಧಿಯೂ ಇರುವುದಿಲ್ಲ, ಕೊಂಡ ದಿನದಿಂದಲೇ ಮೀಟರು ಓಡುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲ. ಕೊಟ್ಟ ಸಲಹೆ: ಸಂಬಳ ಬರುವ ಬ್ಯಾಂಕಿನಲ್ಲಿ ವೈಯಕ್ತಿಕ ಸಾಲ ತೆಗೆದು ಕಾರ್ಡನ್ನು ಒಮ್ಮೆಲೇ ತೀರಿಸುವುದು. ಶೇ. 14ರ ದರದಲ್ಲಿ 18 ತಿಂಗಳಿಗೆ ಕಂತು ಸುಮಾರು 8,670, ಒಟ್ಟು ಬಡ್ಡಿ 16,000 ರೂಪಾಯಿ ಆಸುಪಾಸು. ಷರತ್ತು ಒಂದೇ: ಸಾಲ ತೀರುವವರೆಗೆ ಆ ಕಾರ್ಡ್ ಬಳಕೆ ಬಂದ್. ಇಲ್ಲದಿದ್ದರೆ ಎರಡು ಸಾಲವಾಗುತ್ತದೆ, ಬಹಳ ಮಂದಿ ಎಡವುವುದು ಇಲ್ಲೇ.

‘ಬಡ್ಡಿಯಿಲ್ಲದ ಕಂತು’ ಎನ್ನುವುದರ ಒಳಗುಟ್ಟನ್ನೂ ಬಿಡಿಸಿ ಹೇಳಬೇಕಾಯಿತು. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟು ಮೊತ್ತವನ್ನು ಮಾರುವವರು ಬೆಲೆಯಲ್ಲಿ ಇಳಿಸಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಕೊಳ್ಳುವವರ ತಲೆಗೆ, ಸಂಸ್ಕರಣಾ ಶುಲ್ಕವಿದ್ದರೆ ಅದೂ. ನಗದಿಗೆ ಸಿಗಬಹುದಾಗಿದ್ದ ರಿಯಾಯಿತಿ ಕೈತಪ್ಪುತ್ತದೆ.

ಬೀರುವಿನ ಕೆಲಸ ನಾಲ್ಕು ವಾರ ಹಿಡಿಯಿತು. ಎಲ್ಲ ಹ್ಯಾಂಗರುಗಳನ್ನೂ ಹಿಂದುಮುಂದಾಗಿ ತೂಗುಹಾಕಬೇಕು. ತೊಟ್ಟ ಬಟ್ಟೆಯ ಹ್ಯಾಂಗರನ್ನು ಮಾತ್ರ ಸರಿಯಾಗಿ ಹಾಕಬೇಕು. ಜೊತೆಗೆ ಸಂಜೆ ಮನೆಗೆ ಬಂದ ಕೂಡಲೇ ಒಂದು ಸಾಲಿನ ಟಿಪ್ಪಣಿ: ಎಲ್ಲಿ ಬಿಗಿಯಿತು, ಎಲ್ಲಿ ಕೆರೆಯಿತು, ಕೈ ಎತ್ತಲು, ನೆಲಕ್ಕೆ ಕೂರಲು ಆಯಿತೇ. ತಿಂಗಳ ಕೊನೆಗೆ 74 ಹ್ಯಾಂಗರುಗಳಲ್ಲಿ ತಿರುಗಿದ್ದು 13. ಆ 13ರಲ್ಲಿ ಒಂಬತ್ತು, 1,500ಕ್ಕಿಂತ ಕಡಿಮೆ ಬೆಲೆಯ ಹತ್ತಿ ಕುರ್ತಾಗಳು. ‘ದಿನಾ ಒಂದೇ ಥರ ಕಾಣ್ತೀನಿ’ ಎಂದು ಅವರು ನಾಚುತ್ತಿದ್ದದ್ದೂ ಇವುಗಳ ಬಗ್ಗೆಯೇ. 9,000 ಕೊಟ್ಟ ಉಡುಪಿನ ಒಳಚೀಟಿ ನೋಡಿದರೆ ನೂರಕ್ಕೆ ನೂರು ಪಾಲಿಯೆಸ್ಟರ್, ಅಸ್ತರಿಯೂ ಅದೇ. ಹತ್ತಿ ತನ್ನ ತೂಕದ ಶೇ. 8ರಷ್ಟು ತೇವವನ್ನು ಸಹಜವಾಗಿ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಶೇಕಡಾವನ್ನೂ ಹಿಡಿಯುವುದಿಲ್ಲ. ಬೆವರು ಚರ್ಮದ ಮೇಲೇ ನಿಲ್ಲುತ್ತದೆ. ಕಂಕುಳಲ್ಲಿ ಏಳುತ್ತಿದ್ದ ಕಜ್ಜಿಗೆ ಚರ್ಮವೈದ್ಯರನ್ನು ಕಾಣಲು ಹೇಳಿದೆವು. ಅದು ಆಪ್ತಸಲಹೆಯ ಕೆಲಸವಲ್ಲ.

ಡಿಸೈನರ್ ಬಟ್ಟೆ ಎಂದರೆಲ್ಲ ಮೋಸ ಎನ್ನುವುದೂ ತಪ್ಪು. ನೂರಾರು ಗಂಟೆಯ ಕೈಕಸೂತಿಗೆ, ಅಳತೆಗೆ ತಕ್ಕ ಕಟಿಂಗಿಗೆ ಬೆಲೆ ಕೊಡುವುದು ನ್ಯಾಯ. ಎದೆಯ ಮೇಲೆ ಹೆಸರು ಅಚ್ಚು ಹಾಕಿದ ಟೀ ಶರ್ಟಿಗೆ ಆರು ಸಾವಿರ ಕೊಡುವುದು ಬೇರೆ ವ್ಯವಹಾರ. ಎಷ್ಟು ಸಲ ಮೈಮೇಲೆ ಬರುತ್ತದೆ ಎಂಬ ಲೆಕ್ಕ ಇವೆರಡನ್ನೂ ಬೇರೆ ಮಾಡಿ ತೋರಿಸುತ್ತದೆ. 25,000ದ ಮೈಸೂರು ರೇಷ್ಮೆ ಸೀರೆಯನ್ನು ಹದಿನೈದು ವರ್ಷದಲ್ಲಿ ನಲವತ್ತು ಸಲ ಉಟ್ಟರೆ ಸಲಕ್ಕೆ 625. ಅವರು ಆರಿಸಿದ್ದ ಲೆಹೆಂಗಾ ಎರಡು ಸಲಕ್ಕೆ ಬೀರು ಸೇರಿದರೆ ಸಲಕ್ಕೆ 39,000.

ಲೆಕ್ಕ ಅವರಿಗೆ ಒಪ್ಪಿಗೆಯಾಯಿತು, ಭಯ ಮಾತ್ರ ಹೋಗಲಿಲ್ಲ. ಲೆಕ್ಕದಿಂದ ಭಯ ಹೋಗುವುದು ಅಪರೂಪ. ಹಾಗಾಗಿ ಒಂದು ಪ್ರಯೋಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಜುಗರ ತರುವ ಟೀ ಶರ್ಟ್ ತೊಟ್ಟ ವಿದ್ಯಾರ್ಥಿಗಳು ಕೋಣೆಯಲ್ಲಿದ್ದ ಹೆಚ್ಚುಕಡಿಮೆ ಅರ್ಧ ಮಂದಿ ಅದನ್ನು ಗಮನಿಸಿರುತ್ತಾರೆಂದು ಊಹಿಸಿದ್ದರು. ಗಮನಿಸಿದ್ದು ಕಾಲು ಭಾಗ. ಇವರು ಸೋಮವಾರ ತೊಟ್ಟ ನೀಲಿ ಕುರ್ತಾವನ್ನೇ ಗುರುವಾರವೂ ತೊಡಬೇಕು, ತಂಡದ ಎಂಟು ಜನರಲ್ಲಿ ಎಷ್ಟು ಮಂದಿ ಗುರುತಿಸುತ್ತಾರೆಂದು ಮೊದಲೇ ಬರೆದಿಡಬೇಕು, ಶುಕ್ರವಾರ ಕೇಳಬೇಕು. ಬರೆದದ್ದು ಆರು. ಗುರುತಿಸಿದ್ದು ಒಬ್ಬರು, ಅವರೂ ಬಟ್ಟೆ ಎಲ್ಲಿ ಕೊಂಡಿರಿ ಎಂದು ಕೇಳಿದರು. ಇದನ್ನು ಮೂರು ವಾರ ಬೇರೆ ಬೇರೆ ಉಡುಪಿನಲ್ಲಿ ಮಾಡಿಸಿದೆವು. ಒಂದೇ ಸಲಕ್ಕೆ ಬಿಟ್ಟರೆ ‘ಅವತ್ತು ಅದೃಷ್ಟ’ ಎಂದು ಮನಸ್ಸು ತಳ್ಳಿಹಾಕುತ್ತದೆ.

ಖರೀದಿಯ ಸಮಯವನ್ನೂ ಗುರುತು ಹಾಕಿಸಿದೆವು. ಬಹುಪಾಲು ರಾತ್ರಿ ಹನ್ನೊಂದರ ನಂತರ, ಅದರಲ್ಲೂ ಮೇಲಧಿಕಾರಿಯ ಜೊತೆ ಸಭೆ ಇದ್ದ ದಿನ. ಆ್ಯಪ್‌ಗಳಿಂದ ಕಾರ್ಡ್ ವಿವರ ಅಳಿಸುವುದು, ರಾತ್ರಿ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕುವುದು, ಬೇಕೆನಿಸಿದ್ದನ್ನು ದಿನಾಂಕದೊಂದಿಗೆ ಚೀಟಿಯಲ್ಲಿ ಬರೆದು ಏಳು ದಿನ ಕಾಯುವುದು. ಐದನೇ ವಾರ 6,400ರ ಚಪ್ಪಲಿ ತರಿಸಿಬಿಟ್ಟರು. ‘ಎಲ್ಲ ಕೆಟ್ಟಿತು’ ಎಂಬ ನಿರಾಶೆ ಅಂಥ ಹೊತ್ತಿನಲ್ಲಿ ಚಪ್ಪಲಿಗಿಂತ ದುಬಾರಿ, ಅದರ ಬೆನ್ನಿಗೇ ಮತ್ತೊಂದು ಖರೀದಿ ಬರುತ್ತದೆ. ಹಿಂತಿರುಗಿಸುವ ಅವಧಿ ಇನ್ನೂ ಇತ್ತು, ವಾಪಸ್ಸಾಯಿತು.

ಮದುವೆಗೆ ಅಮ್ಮನ ಮೊಳಕಾಲ್ಮೂರು ರೇಷ್ಮೆ ಸೀರೆ ಎದ್ದು ಬಂತು. ಹಳೆ ರೇಷ್ಮೆ ಉಡುವ ಮೊದಲು ಬೆಳಕಿಗೆ ಹಿಡಿದು ಮಡಿಕೆಯ ಗೆರೆಗಳನ್ನು ನೋಡಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ, ಜರಿ ಭಾರವಿರುವ ಕಡೆ ಎಳೆ ಸೀಳಿರುತ್ತದೆ. ಈ ಸೀರೆಯಲ್ಲಿ ಸೆರಗಿನ ಬಳಿ ಒಂದೇ ಸೀಳಿತ್ತು, ನೆರಿಗೆಯೊಳಗೆ ಅಡಗುವಂತೆ ಉಡಬಹುದಿತ್ತು. ಹೊಸ ಕುಪ್ಪಸಕ್ಕೆ ಹತ್ತಿಯ ಅಸ್ತರಿ, ಅದನ್ನೂ ಹೊಲಿಯುವ ಮೊದಲು ನೀರಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಒಗೆದ ಮೇಲೆ ಅಸ್ತರಿ ಕುಗ್ಗಿ ಮೇಲ್ಬಟ್ಟೆ ಸುಕ್ಕುಗಟ್ಟುತ್ತದೆ. ಮುಂದೆ ಸಡಿಲಿಸಲು ಬರುವಂತೆ ಪಕ್ಕಗಳಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಹೆಚ್ಚು ಬಿಡಿಸಬೇಕು. ಬಟ್ಟೆ, ಹೊಲಿಗೆ ಸೇರಿ 2,200, ಪಾಲಿಶ್ 350, ಹೊಸ ಫಾಲ್ 150. ಬೀಗರು ಏನೆಂದಾರು ಎಂಬ ಚಿಂತೆ ಅತ್ತೆಯದು. ಅತ್ತೆಗೆ ತಿಳಿಸುವ ಕೆಲಸ ಗಂಡನಿಗೆ, ಅದೂ ಮದುವೆಗೆ ಹದಿನೈದು ದಿನ ಮೊದಲು. ಸೊಸೆ ಹೇಳಿದರೆ ಅದು ಜಿಪುಣತನವಾಗುತ್ತದೆ, ಚೌಲ್ಟ್ರಿಯಲ್ಲಿ ಹೇಳಿದರೆ ರಂಪವಾಗುತ್ತದೆ.

ಆಫೀಸಿಗೆ ತೊಡಲು ಅವರನ್ನು ಒಪ್ಪಿಸಿದ ಪಟ್ಟಿ ಚಿಕ್ಕದು: ಇರುವ ಒಂಬತ್ತು ಕುರ್ತಾಗಳ ಜೊತೆ ಕಪ್ಪು, ಕಡುನೀಲಿ, ಮಣ್ಣುಬಣ್ಣದ ಮೂರು ಪ್ಯಾಂಟು, ಎರಡು ಇಳಕಲ್ ಹತ್ತಿ ಸೀರೆ, ಹತ್ತಿ ಅಸ್ತರಿಯ ಒಂದು ಜಾಕೆಟ್. ಅಂಗಡಿಯಲ್ಲಿ ಒದ್ದೆ ಬಿಳಿ ಕರವಸ್ತ್ರದಿಂದ ಒಳಹೊಲಿಗೆಯ ಬಳಿ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡುವುದು, ಇಂಚಿಗೆ ಹತ್ತು-ಹನ್ನೆರಡು ಹೊಲಿಗೆ ಇದೆಯೇ ಎಣಿಸುವುದು. ಹತ್ತಿ ಮೊದಲ ಒಗೆತಕ್ಕೆ ಶೇ. 3ರಿಂದ 5 ಕುಗ್ಗಬಹುದು, ಆದ್ದರಿಂದ ಉದ್ದ ಒಂದೆರಡು ಇಂಚು ಹೆಚ್ಚಿರಲಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಇದು ಬಿಲ್ಲಿನಲ್ಲಿ ಎದ್ದು ಕಾಣುವ ವ್ಯತ್ಯಾಸ. ಗಂಡನಿಗೂ ಒಂದು ಸಾಲು: ಹತ್ತು ಅಂಗಿಯ ದುಡ್ಡಿಗೆ ನಾಲ್ಕು, ಕಾಲರ್ ಗಟ್ಟಿಯಿರುವಂಥದ್ದು.

ಎಲ್ಲ ಖರೀದಿ ಗೀಳೂ ಈ ದಾರಿಯಲ್ಲಿ ಇಳಿಯುವುದಿಲ್ಲ. ದಿನಗಟ್ಟಲೆ ನಿದ್ದೆಯಿಲ್ಲದಿದ್ದರೂ ಆಯಾಸವೇ ಕಾಣದಿದ್ದರೆ, ಮಾತು ಓಡುತ್ತಿದ್ದರೆ, ಖರ್ಚಿನ ಜೊತೆ ಬೇರೆ ದುಡುಕುಗಳೂ ಸೇರಿದ್ದರೆ ಮನೋವೈದ್ಯರ ತಪಾಸಣೆ ಮೊದಲು. ಸಾಲದ ಅವಮಾನಕ್ಕೆ ಬದುಕೇ ಬೇಡವೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಈ ಪ್ರಕರಣದಲ್ಲಿ ಅಂಥ ಲಕ್ಷಣಗಳಿರಲಿಲ್ಲ. ಈಗ ತಿಂಗಳಿಗೊಂದು ಭೇಟಿ ಸಾಕು, ಸಾಲದ ಕೊನೆಯ ಕಂತಿನವರೆಗೆ.