ಬಸ್ಸು ಹತ್ತುವವರಿಗೆ ಒಂದು ಲೆಕ್ಕ, ಹಾಸ್ಟೆಲ್ ಹುಡುಗಿಯರಿಗೆ ಇನ್ನೊಂದಾ?

ಪ್ರಶ್ನೆ: ಮೇಡಂ, ನಾನು ಮುಳಬಾಗಿಲಿನವಳು. ಕೋಲಾರದ ಹತ್ತಿರದ ನರಸಾಪುರದ ಒಂದು ಕಾರ್ಖಾನೆಯಲ್ಲಿ ಲೈನ್ ಲೀಡರ್, ಅಂದರೆ ಒಂದು ಸಾಲಿನ ಕೆಲಸಗಾರರ ಮೇಲ್ವಿಚಾರಕಿ. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ಕೆಲಸ. ಶಿಫ್ಟ್ ಮುಗಿದ ತಕ್ಷಣ ನಮ್ಮ ಕಡೆಯವರು ಕಂಪನಿ ಬಸ್ಸು ಹತ್ತುತ್ತಾರೆ. ಒಡಿಶಾ, ಜಾರ್ಖಂಡ್‌ನ ಕಾಂಟ್ರಾಕ್ಟ್ ಹುಡುಗಿಯರನ್ನು ಮಾತ್ರ ಕೆಲಸ ಮುಗಿಸಿ ಹೊರಟಂತೆ ಪಂಚ್ ಮಾಡಿಸಿ, ಟಾರ್ಗೆಟ್ ಮುಗಿಸಿ ಅಂತ ಮತ್ತೆ ಅರ್ಧ ಗಂಟೆ ಕೂರಿಸುತ್ತೇವೆ. ಓಟಿ (ಹೆಚ್ಚುವರಿ ಕೆಲಸದ ಟೈಮು) ಬರೆಯುವುದಿಲ್ಲ. ಶೀಟಿಗೆ ಸಹಿ ನನ್ನದು. ಅವರಿಗೆ ನಮ್ಮ ಭಾಷೆ ಬರಲ್ಲ, ನಮಗೆ ಅವರದು ಬರಲ್ಲ, ಅವರು ಏನೂ ಕೇಳಲ್ಲ. "ಅವರಿಗೇನು, ಹಾಸ್ಟೆಲ್‌ಗೆ ತಾನೇ ಹೋಗೋದು" ಅಂತಾರೆ ಮ್ಯಾನೇಜರ್. ಮಾತಾಡಿದರೆ ಕೆಲಸಕ್ಕೆ ಕುತ್ತು, ಮನೆ ಮೇಲೆ ಸಾಲ ಇದೆ. ಏನು ಮಾಡಲಿ?

ಉತ್ತರ: ಬೇಜಾರು ಮಾಡ್ಕೋಬೇಡಿ, ನೇರವಾಗಿಯೇ ಹೇಳುತ್ತೇನೆ. ಮಾತು ಮ್ಯಾನೇಜರದ್ದು, ಸಹಿ ನಿಮ್ಮದು. ನಾಳೆ ವಿಚಾರಣೆ ಅಂತ ಬಂದರೆ ಆ ಶೀಟಿನಲ್ಲಿ ಸಿಗೋದು ನಿಮ್ಮ ಹೆಸರು.

ಹಾಗಂತ ಹೋಗಿ ಜಗಳ ತೆಗೆಯಬೇಡಿ. ಮೊದಲು ಲೆಕ್ಕ ಹಾಕಿ. ದಿನಕ್ಕೆ ಅರ್ಧ ಗಂಟೆ ಅಂದರೆ ವಾರಕ್ಕೆ 3 ಗಂಟೆ. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ಕೊಡಬೇಕು ಅನ್ನುತ್ತೆ ಕಾನೂನು, ಅಂದರೆ ಒಬ್ಬೊಬ್ಬ ಹುಡುಗಿಗೂ ವಾರವಾರ 6 ಗಂಟೆಯ ಕೂಲಿ ಖೋತಾ. ಲೈನಿನ ಕೆಲಸ ನಿಜವಾಗಿ ನಿಂತ ಟೈಮನ್ನು ಮನೆಗೆ ಬಂದು ಒಂದು ಡೈರಿಯಲ್ಲಿ ಬರೆದಿಡಿ. ಆಮೇಲೆ ಶಿಫ್ಟ್ ಶುರುವಾಗೋ ಮುಂಚೆ, ಯಾರೂ ಇಲ್ಲದಾಗ ಮ್ಯಾನೇಜರ್‌ಗೆ ಹೇಳಿ: "ಸರ್, ಹೀಗೆ ಸಹಿ ಹಾಕೋಕೆ ನನ್ನಿಂದ ಆಗಲ್ಲ. ಅರ್ಧ ಗಂಟೆ ಬೇಕೇ ಬೇಕು ಅಂದ್ರೆ ಓಟಿ ಬರೆಯೋಣ, ಇಲ್ಲಾಂದ್ರೆ ಟಾರ್ಗೆಟ್ ಇಳಿಸೋಣ."

ಅದು ಕಾಂಟ್ರಾಕ್ಟರ್ ಪಾಡು ಅಂತ ಅವರು ಜಾರಿಕೊಳ್ಳಬಹುದು. ಕಾಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು, ಅದೂ ಕಾನೂನಿನಲ್ಲೇ ಇದೆ. 2020ರ ಡಿಸೆಂಬರ್‌ನಲ್ಲಿ ಅದೇ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ದಾಂಧಲೆ ಎಬ್ಬಿಸಿದಾಗ ಸಂಬಳದ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಿಮ್ಮ ಮ್ಯಾನೇಜರ್‌ಗೂ ಗೊತ್ತಿರುತ್ತೆ (ಗಾಜು ಒಡೆದದ್ದು ಸರಿ ಅಂತ ನಾನು ಹೇಳ್ತಿಲ್ಲ, ಆದರೆ ಅದು ಸುಮ್ನೆ ಒಂದೇ ದಿನದಲ್ಲಿ ಹುಟ್ಟಿದ ಸಿಟ್ಟಲ್ಲ). ಅವರು ಒಪ್ಪದಿದ್ದರೆ ಎಚ್‌ಆರ್‌ಗೆ ಬರವಣಿಗೆಯಲ್ಲೇ ಕೊಡಿ, ಪ್ರತಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಕೋಲಾರದಲ್ಲಿ ಕಾರ್ಮಿಕ ಇಲಾಖೆ ಇದೆ.

ಕೆಲಸ ಹೋಗಲ್ಲ ಅಂತ ಗ್ಯಾರಂಟಿ ಕೊಡೋಕೆ ನಾನ್ಯಾರು? ಬೇರೆ ಲೈನ್ ಲೀಡರ್‌ಗಳಲ್ಲೂ ಒಬ್ಬಿಬ್ಬರಿಗೆ ಇದು ಚುಚ್ಚುತ್ತಿರುತ್ತೆ, ಕೇಳಿ ನೋಡಿ. ಜೊತೆಗೊಬ್ಬರಿದ್ದರೆ ನಿಮ್ಮೊಬ್ಬರ ಮೇಲೆ ಕಣ್ಣು ಬೀಳುವುದಿಲ್ಲ. ಆದರೆ ಆ ಹುಡುಗಿಯರನ್ನು ಮಾತ್ರ ಮುಂದೆ ತಳ್ಳಬೇಡಿ. ಅವರ ಕೆಲಸ, ಮಲಗುವ ಜಾಗ ಎರಡೂ ಆ ಕಾಂಟ್ರಾಕ್ಟರ್ ಕೈಯಲ್ಲೇ ಇದ್ದರೆ ಬಾಯಿ ಬಿಟ್ಟ ರಾತ್ರಿಯೇ ಬ್ಯಾಗು ಬೀದಿಗೆ ಬೀಳುತ್ತೆ.

ಇನ್ನು ಭಾಷೆ ಬರಲ್ಲ ಅಂದಿರಲ್ಲ, ಮುಳಬಾಗಿಲಿನವರು ಹೀಗಂದರೆ ಹೇಗೆ? ನಿಮ್ಮೂರ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಓಡುತ್ತೆ ಅಲ್ವಾ? ಅಂಥವರಿಗೆ ಇನ್ನೊಂದು ಭಾಷೆಯ ನಾಲ್ಕು ಮಾತು ಕಷ್ಟವಾ? ಅವರು ಕೇಳದೆ ಇರೋದು ಭಯಕ್ಕೆ. ಸಂಬಳದ ಸ್ಲಿಪ್ ಬಂದ ದಿನ ಒಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಟಿ ಕಾಲಂ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ಉಳಿದವರಿಗೆ ಅವಳೇ ಹೇಳಿಕೊಡುತ್ತಾಳೆ.